ಮೀಕರ್ ಶಿಬಿರದಲ್ಲಿ ಬೋಲ್ಟ್ ಇಲ್ಲದ ರೈಫಲ್: ಒಂದು ಪ್ರಕರಣ ಅಧ್ಯಯನ

ಅಮೆರಿಕದ ಕೊಲರಾಡೊ ರಾಜ್ಯದ ಮೀಕರ್ ಊರಿನಿಂದ ಪೂರ್ವಕ್ಕೆ ವೈಟ್ ರಿವರ್ ರಾಷ್ಟ್ರೀಯ ಅರಣ್ಯ. ಅಲ್ಲಿ ಸುಮಾರು 9,000 ಅಡಿ ಎತ್ತರದಲ್ಲಿ ಡೇರೆ ಹಾಕಿದ್ದ ನಾಲ್ವರ ತಂಡದ ಪ್ರಕರಣ ಇದು. ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಯ ಎರಡನೇ ರೈಫಲ್ ಸೀಸನ್ ಮರುದಿನ ಶನಿವಾರ ಬೆಳಗ್ಗೆ ಶುರುವಾಗಬೇಕಿತ್ತು. ಶುಕ್ರವಾರ ರಾತ್ರಿ ಎಂಟರ ಹೊತ್ತಿಗೆ, ಊಟ ಮುಗಿದ ಮೇಲೆ, ಡಲ್ಲಾಸಿನಿಂದ ಬಂದಿದ್ದ ಕನ್ನಡಿಗ ಎಂಜಿನಿಯರ್ ತಮ್ಮ ಕೋವಿಯ ಗಟ್ಟಿ ಪೆಟ್ಟಿಗೆಯ ಎರಡೂ ಬೀಗ ತೆಗೆದರು. ರೈಫಲ್ ಇತ್ತು, ಮೇಲೆ ಸ್ಕೋಪ್ ಇತ್ತು, ಹೆಗಲ ಪಟ್ಟಿ ಇತ್ತು. ಬೋಲ್ಟ್ ಇರಲಿಲ್ಲ. ಅದು 1,600 ಕಿಲೋಮೀಟರ್ ಆಚೆ, ಮನೆಯ ಕಪಾಟಿನ ಬೀಗದ ಡಬ್ಬಿಯಲ್ಲಿ ಕ್ಷೇಮವಾಗಿತ್ತು.

ಇಂಥ ಶಿಬಿರಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಂದೇ ತಂಡದ ಮೇಲೆ ಕೂಡಿಸಿ ಬರೆದದ್ದು ಇದು. ವ್ಯಕ್ತಿಗಳು ಯಾರೂ ಅಲ್ಲ. ಕಾನೂನು ಮತ್ತು ಅಳತೆಗಳು ಮಾತ್ರ ಇದ್ದದ್ದು ಇದ್ದ ಹಾಗೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಈಗ ಮೋಜಿನ ಬೇಟೆಗೆ ಜಾಗವಿಲ್ಲ. ಕೊಲರಾಡೊದಲ್ಲಿ ಸರ್ಕಾರವೇ ಲೈಸೆನ್ಸ್ ಮಾರಿ, ಕಾಲ ಮತ್ತು ವಲಯ ಗೊತ್ತುಮಾಡಿ ಬೇಟೆ ನಡೆಸುತ್ತದೆ. ಹೊರರಾಜ್ಯದವರಿಗೆ ಒಂದು ಎಲ್ಕ್ ಲೈಸೆನ್ಸಿಗೆ 800 ಡಾಲರಿನ ಮೇಲಾಗುತ್ತದೆ. ಎರಡನೇ ಸೀಸನ್ ಇರುವುದೇ ಒಂಬತ್ತು ದಿನ. ಆದ್ದರಿಂದ ಮರೆತ ಒಂದು ವಸ್ತುವಿನ ಬೆಲೆಯನ್ನು ಇಲ್ಲಿ ಹಣಕ್ಕಿಂತ ದಿನಗಳಲ್ಲಿ ಲೆಕ್ಕ ಹಾಕುವುದೇ ವಾಡಿಕೆ.

ಮರೆತದ್ದು ಹೇಗೆ

ಬೋಲ್ಟ್ ರೈಫಲ್ಲಿನ ಎದೆಗೂಡು. ತೋಟಾವನ್ನು ಅದು ಕೂರುವ ಗೂಡಿಗೆ, ಅಂದರೆ ಚೇಂಬರಿಗೆ ತಳ್ಳುವುದು, ಹಿಂದಿನಿಂದ ಬಿಗಿಯಾಗಿ ಬೀಗ ಹಾಕುವುದು, ತೋಟಾದ ಬುಡದಲ್ಲಿದ್ದು ಮದ್ದಿಗೆ ಕಿಡಿ ತಾಗಿಸುವ ಪ್ರೈಮರನ್ನು ಒಳಗಿನ ಸೂಜಿಯಿಂದ ಹೊಡೆಯುವುದು, ಖಾಲಿ ಕೋಶವನ್ನು ಹೊರಗೆಳೆಯುವುದು, ಎಲ್ಲ ಅದರದ್ದೇ ಕೆಲಸ. ಅದಿಲ್ಲದಿದ್ದರೆ ಉಳಿಯುವುದು ಮರದ ಹಿಡಿ ಕಟ್ಟಿದ ನಳಿಗೆ. ಇಷ್ಟು ಮುಖ್ಯವಾದದ್ದನ್ನು ಮರೆಯುವುದು ಹೇಗೆ ಎಂದು ಕೇಳುವವರು ಬೇಟೆಗೆ ಹೊಸಬರು. ಇದು ತೀರಾ ಮಾಮೂಲಿ ಮರೆವು, ಮರೆಯುವವರು ಹೆಚ್ಚಾಗಿ ಶಿಸ್ತಿನವರೇ.

ಹೊರಡುವ ಸುಮಾರು ಹತ್ತು ದಿನ ಮುಂಚೆ ಎಂಜಿನಿಯರ್ ರೇಂಜಿಗೆ ಹೋಗಿ 100 ಗಜಕ್ಕೆ ಗುರಿ ಸರಿಮಾಡಿಕೊಂಡರು. ಮನೆಗೆ ಬಂದು ನಳಿಗೆ ಒರೆಸಿದರು. ಒರೆಸುವ ಸರಳನ್ನು ಹಿಂಭಾಗದಿಂದ ತೂರಿಸಬೇಕು, ಬಾಯಿಯ ಕಡೆಯಿಂದ ತೂರಿಸಿದರೆ ಸರಳು ಉಜ್ಜಿ ಬಾಯಿಯ ಅಂಚು ಸವೆಯುತ್ತದೆ, ಗುರಿ ಕೆಡುತ್ತದೆ. ಹಿಂದಿನಿಂದ ತೂರಿಸಬೇಕೆಂದರೆ ಬೋಲ್ಟ್ ಹೊರಗೆ ಬರಲೇಬೇಕು. ಬಂತು. ಒರೆಸಿ, ಲಗ್ಗುಗಳ (ಬೋಲ್ಟನ್ನು ಬೀಗದಂತೆ ಹಿಡಿದಿಡುವ ಹಲ್ಲುಗಳು) ಹಿಂಭಾಗಕ್ಕೆ ಗ್ರೀಸ್ ಹಚ್ಚಿ ಮೇಜಿನ ಮೇಲಿನ ಬಟ್ಟೆಯ ಮೇಲೆ ಇಟ್ಟರು. ಮನೆಯಲ್ಲಿ ಸಣ್ಣ ಮಗುವಿದೆ. ಅದಕ್ಕಾಗಿ ಅವರದ್ದೊಂದು ಒಳ್ಳೆಯ ನಿಯಮ: ರೈಫಲ್ ಸೇಫಿನಲ್ಲಿ, ಬೋಲ್ಟ್ ಬೇರೆ ಕೋಣೆಯ ಡಬ್ಬಿಯಲ್ಲಿ, ಎರಡಕ್ಕೂ ಬೇರೆ ಬೇರೆ ಬೀಗ. ಹೊರಡುವ ದಿನ ಸೇಫ್ ತೆರೆದರು, ರೈಫಲನ್ನು ಪಯಣದ ಪೆಟ್ಟಿಗೆಗೆ ಹಾಕಿದರು, ಬೀಗ ಜಡಿದರು, ಕಾರಿಗಿಟ್ಟರು. ಪಟ್ಟಿಯಲ್ಲಿ ‘ರೈಫಲ್’ ಎಂದಿದ್ದ ಕಡೆ ಗುರುತು ಹಾಕಿದರು.

ಪಟ್ಟಿ ಇಲ್ಲದ್ದರಿಂದ ಆದ ತಪ್ಪಲ್ಲ ಇದು. ಪಟ್ಟಿ ಇತ್ತು, ಅದರಲ್ಲಿ ರೈಫಲ್ಲೂ ಇತ್ತು. ಮನೆಯಲ್ಲಿ ಎರಡು ಜಾಗದಲ್ಲಿ ವಾಸವಾಗಿದ್ದ ವಸ್ತುವಿಗೆ ಪಟ್ಟಿಯಲ್ಲಿ ಒಂದೇ ಸಾಲು ಇದ್ದದ್ದು ದೋಷ. ಕೈಗೂ ಸುಳಿವು ಸಿಗಲಿಲ್ಲ. ಸ್ಕೋಪ್ ಸಮೇತ ರೈಫಲ್ಲು ಮತ್ತು ಗಟ್ಟಿ ಪೆಟ್ಟಿಗೆ ಸೇರಿ ಎಂಟು ಒಂಬತ್ತು ಕಿಲೋ ತೂಗುವಾಗ, ಅರ್ಧ ಕಿಲೋಗೂ ಕಡಿಮೆ ತೂಗುವ ಬೋಲ್ಟ್ ಇಲ್ಲದ್ದು ಎತ್ತಿದವರಿಗೆ ಗೊತ್ತಾಗುವುದಿಲ್ಲ.

ಬೇಟೆಯ ಸಾಮಾನಿನಲ್ಲಿ ಮರೆತುಹೋಗುವುದನ್ನೆಲ್ಲ ಒಂದು ಕಡೆ ಇಟ್ಟು ನೋಡಿದರೆ ಹೆಚ್ಚಿನವು ಉಪೇಕ್ಷೆಗೆ ಗುರಿಯಾದವಲ್ಲ, ವಿಶೇಷ ಆರೈಕೆಗೆ ಒಳಗಾದವು. ಚಾರ್ಜಿಗೆ ಹಾಕಿದ ಹಣೆದೀಪ, ಸಾಣೆಗೆ ಕೊಟ್ಟ ಚಾಕು, ಎಣ್ಣೆ ಹಚ್ಚಿ ಒಣಗಲು ಗ್ಯಾರೇಜಿನಲ್ಲಿಟ್ಟ ಬೂಟು, ಕಳೆಯಬಾರದೆಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಲೈಸೆನ್ಸ್, ತೋಟಾ ತುಂಬಿ ನೋಡಲು ತೆಗೆದ ಮ್ಯಾಗಜೀನ್. ಪ್ರತಿಯೊಂದೂ ತಯಾರಿಯ ಹೆಸರಿನಲ್ಲಿ ತನ್ನ ಜಾಗ ಬಿಟ್ಟು ಎದ್ದು ಬಂದದ್ದು. ವರ್ಷವಿಡೀ ಚೀಲದ ತಳದಲ್ಲಿ ಬಿದ್ದಿರುವ ಹಳೆಯ ಹಗ್ಗವನ್ನು ಯಾರೂ ಮರೆಯುವುದಿಲ್ಲ.

ಆ ರಾತ್ರಿಯ ದಾರಿಗಳು

ಮೊದಲು ಬಾಯಿಗೆ ಬಂದ ದಾರಿಯೇ ಅತ್ಯಂತ ಅಪಾಯದ್ದು. ತಂಡದ ಹಿರಿಯ ಜೊತೆಗಾರರ ಬಳಿ ಅದೇ ಕಂಪನಿಯ, ಅದೇ ಮಾದರಿಯ .308 ವಿಂಚೆಸ್ಟರ್ (ಇದು ತೋಟಾದ ಬಗೆಯ ಹೆಸರು) ರೈಫಲ್ ಇತ್ತು. ಅದರ ಬೋಲ್ಟ್ ತೆಗೆದು ಇದಕ್ಕೆ ತೂರಿಸಿದರೆ ಸಲೀಸಾಗಿ ಒಳಗೆ ಹೋಗುತ್ತದೆ, ಹಿಡಿಯೂ ಮಡಚಿಕೊಳ್ಳುತ್ತದೆ. ಸರದಿಯಲ್ಲಿ ಬಳಸಿದರಾಯಿತಲ್ಲ ಎಂದು ಒಬ್ಬರು ಹೇಳಿದರು. ಹಿರಿಯರು ಒಪ್ಪಲಿಲ್ಲ. ಒಪ್ಪದ್ದಕ್ಕೆ ಕಾರಣ ಹೆಡ್‌ಸ್ಪೇಸ್.

ಬೋಲ್ಟಿನ ಮುಖಕ್ಕೂ ತೋಟಾದ ಭುಜ ಚೇಂಬರಿನಲ್ಲಿ ತಾಗುವ ಜಾಗಕ್ಕೂ ನಡುವಿನ ಅಂತರ ಅದು. .308ಕ್ಕೆ ಕೋವಿ ರಿಪೇರಿಯವರು ಬಳಸುವ ಅಳತೆಯ ಗೇಜುಗಳಲ್ಲಿ ‘ಗೋ’ 1.630 ಇಂಚು, ‘ನೋ-ಗೋ’ 1.634, ‘ಫೀಲ್ಡ್’ 1.638. ಗೋ ಗೇಜಿನ ಮೇಲೆ ಬೋಲ್ಟ್ ಮುಚ್ಚಬೇಕು. ಫೀಲ್ಡ್ ಗೇಜಿನ ಮೇಲೂ ಮುಚ್ಚಿಕೊಂಡರೆ ಆ ರೈಫಲನ್ನು ಹಾರಿಸಬಾರದು. ಸರಿ ಮತ್ತು ಅಪಾಯದ ನಡುವೆ ಇರುವುದು ಇಂಚಿನ ಸಾವಿರ ಭಾಗಗಳಲ್ಲಿ ಎಂಟು, ಅಂದರೆ ಒಂದು ಮಿಲಿಮೀಟರಿನ ಐದನೇ ಒಂದಂಶ. ಕಾರ್ಖಾನೆಯಲ್ಲಿ ಪ್ರತಿ ನಳಿಗೆಯನ್ನೂ ಅದರದೇ ಬೋಲ್ಟಿಗೆ ಹೊಂದಿಸಿರುತ್ತಾರೆ. ಅಂತರ ಹೆಚ್ಚಾದರೆ ಹಾರಿದ ಗಳಿಗೆಯಲ್ಲಿ ಹಿತ್ತಾಳೆಯ ಕೋಶ ಬುಡದ ಹತ್ತಿರ ಹಿಗ್ಗಿ ಸೀಳುತ್ತದೆ. .308ರ ಒತ್ತಡದ ಮಿತಿ ಚದರ ಇಂಚಿಗೆ 62,000 ಪೌಂಡ್. ಆ ಅನಿಲ ಹಿಂದಕ್ಕೆ ನುಗ್ಗಿದರೆ ಎದುರಿಗಿರುವುದು ಹಾರಿಸಿದವರ ಕಣ್ಣು. ಲಗ್ಗುಗಳ ವಿಷಯವೂ ಇದೆ. ತನ್ನದಲ್ಲದ ರೈಫಲ್ಲಿನಲ್ಲಿ ಎರಡು ಲಗ್ಗುಗಳ ಬದಲು ಒಂದೇ ಭಾರ ಹೊರುವ ಸಾಧ್ಯತೆ ಇರುತ್ತದೆ. ಕೂತಿತು, ಮುಚ್ಚಿತು ಎನ್ನುವುದರಿಂದ ಇವು ಯಾವುದೂ ತಿಳಿಯುವುದಿಲ್ಲ. ಗೇಜ್ ಬೇಕು, ಗೇಜ್ ಹಿಡಿಯಲು ಬಲ್ಲವರು ಬೇಕು. ಡೇರೆಯಲ್ಲಿ ಎರಡೂ ಇರಲಿಲ್ಲ.

ಉಳಿದ ಇಬ್ಬರ ರೈಫಲ್ಲುಗಳ ಮಟ್ಟಿಗೆ ಪ್ರಶ್ನೆಯೇ ಇರಲಿಲ್ಲ. .30-06ರ ಬೋಲ್ಟ್ ಉದ್ದ ಜಾಸ್ತಿ, ಕೂರುವುದಿಲ್ಲ. 7 ಮಿಮೀ ರೆಮಿಂಗ್ಟನ್ ಮ್ಯಾಗ್ನಮ್ ಬೋಲ್ಟಿನ ಮುಖವೇ ಅಗಲ, .308 ತೋಟಾದ ಬುಡವನ್ನು ಹಿಡಿಯುವುದೇ ಇಲ್ಲ.

ಎರಡನೇ ದಾರಿ, ಊರಿಗಿಳಿದು ಹೊಸ ರೈಫಲ್ ಕೊಳ್ಳುವುದು. ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ಹೊರರಾಜ್ಯದವರು ಲೈಸೆನ್ಸಿರುವ ಅಂಗಡಿಯಿಂದ ರೈಫಲ್ ಕೊಳ್ಳಬಹುದು, ಎರಡೂ ರಾಜ್ಯಗಳ ಕಾನೂನು ಪಾಲಿಸಿದರೆ ಸಾಕು. ಪಿಸ್ತೂಲಿಗಾದರೆ ಅದಿಲ್ಲ. ಆದರೆ ಕೊಲರಾಡೊದಲ್ಲಿ 2023ರ ಅಕ್ಟೋಬರ್ 1ರಿಂದ ಯಾವುದೇ ಕೋವಿ ಕೊಂಡರೂ ಕೈಗೆ ಸಿಗಲು ಕನಿಷ್ಠ ಮೂರು ದಿನ ಕಾಯಬೇಕು. ಹಳೆಯ ಬೇಟೆಗಾರರು ಹೇಳುವ ‘ಊರಲ್ಲಿ ಒಂದು ತಗೊಂಡ್ರಾಯ್ತು’ ಎಂಬ ಉಪಾಯ ಹೀಗೆ ಬಿದ್ದುಹೋಗಿದೆ. ಮೊದಲ ರೈಫಲ್ ಸೀಸನ್ ಐದೇ ದಿನದ್ದು. ಅದರಲ್ಲಿ ಮೂರು ದಿನ ಹೋದರೆ ಉಳಿಯುವುದು ಎರಡೇ ದಿನ. ಕೊಂಡರೂ ಹೊಸ ಸ್ಕೋಪ್ ಕೂರಿಸಿ ಗುರಿ ಹೊಂದಿಸಲು ಅರ್ಧ ದಿನ, ಒಂದು ಡಬ್ಬಿ ತೋಟಾ ಖರ್ಚು.

ಮೂರನೆಯದು, ಮನೆಯಿಂದ ಬೋಲ್ಟ್ ತರಿಸುವುದು. ಒಕ್ಕೂಟ ಕಾನೂನಿನ ಕಣ್ಣಿನಲ್ಲಿ ರೈಫಲ್ ಎಂದರೆ ಸೀರಿಯಲ್ ನಂಬರ್ ಹೊತ್ತ ರಿಸೀವರ್. ಬೋಲ್ಟ್ ಒಂದು ಬಿಡಿಭಾಗ ಅಷ್ಟೆ. ಕೊರಿಯರಿನಲ್ಲಿ ಮಾಮೂಲಿ ಪಾರ್ಸಲ್ ಹಾಗೆ ಹೋಗುತ್ತದೆ. ಯಾರಾದರೂ ವಿಮಾನದಲ್ಲಿ ತರುವುದಾದರೆ ಮಾತ್ರ ಕೈಚೀಲದಲ್ಲಿ ಇಟ್ಟುಕೊಳ್ಳಬಾರದು, ಲಗೇಜಿಗೆ ಹಾಕಬೇಕು. ತೊಡಕು ವಾರದ ದಿನದ್ದು. ಈ ಎರಡನೇ ಸೀಸನ್ ಶನಿವಾರ ತೆರೆಯುತ್ತದೆ, ಮರೆತದ್ದು ಶುಕ್ರವಾರ ರಾತ್ರಿ ತಿಳಿಯುತ್ತದೆ. ಶನಿವಾರ ಕೊಟ್ಟ ಪಾರ್ಸಲ್ ಇಂಥ ಸಣ್ಣ ಊರಿಗೆ ಬರುವುದು ಬೇಗ ಎಂದರೆ ಸೋಮವಾರ, ಹೆಚ್ಚು ನಂಬಬಹುದಾದದ್ದು ಮಂಗಳವಾರ.

ಮನೆಗೆ ವಾಪಸು ಓಡಿಸುವ ಮಾತೂ ಬಂತು. ಹೋಗಲು ಹದಿನಾರು ಗಂಟೆ, ಬರಲು ಹದಿನಾರು ಗಂಟೆ, ಅದೂ ನಿದ್ದೆ ಇಲ್ಲದ ಚಾಲಕರು. ಅದನ್ನು ಯಾರೂ ಮುಂದುವರಿಸಲಿಲ್ಲ.

ಉಳಿದದ್ದು ಒಂದೇ: ಬೋಲ್ಟ್ ಬರುವವರೆಗೆ ಹಿರಿಯರ .308 ರೈಫಲ್ಲನ್ನು ಇಬ್ಬರೂ ಸರದಿಯಲ್ಲಿ ಬಳಸುವುದು. ಬೇಟೆಗೆಂದು ತಾತ್ಕಾಲಿಕವಾಗಿ ರೈಫಲ್ ಎರವಲು ಕೊಡುವುದಕ್ಕೆ ಒಕ್ಕೂಟ ಕಾನೂನಿನಲ್ಲೂ ಕೊಲರಾಡೊ ಕಾನೂನಿನಲ್ಲೂ ಅವಕಾಶವಿದೆ. ಆದರೆ ಒಬ್ಬರ ಟ್ಯಾಗಿನ (ಲೈಸೆನ್ಸಿನ ಜೊತೆ ಬರುವ ಚೀಟಿ) ಮೇಲೆ ಇನ್ನೊಬ್ಬರು ಪ್ರಾಣಿ ಹೊಡೆಯುವಂತಿಲ್ಲ. ಕೊಲರಾಡೊದಲ್ಲಿ ಅದು ಅಪರಾಧ. ಹಾಗಾಗಿ ಬೆಳಗ್ಗೆ ಒಬ್ಬರು, ಸಂಜೆ ಒಬ್ಬರು. ಕೋವಿ ಇಲ್ಲದವರು ಬೈನಾಕ್ಯುಲರ್ ಹಿಡಿದು ಇಳಿಜಾರು ನೋಡುವುದು.

ಎರವಲು ಕೋವಿಯ ತೊಡಕು

ಶನಿವಾರ ಬೆಳಗ್ಗೆ ಹಿರಿಯರದ್ದೇ ಸರದಿ. ನಡುಹಗಲು ಎಂಜಿನಿಯರ್ ಆ ರೈಫಲ್ಲಿನಲ್ಲಿ 100 ಗಜಕ್ಕೆ ಮೂರು ಗುಂಡು ಹಾರಿಸಿ ನೋಡಿದರು. ಇನ್ನೊಬ್ಬರು ಹೊಂದಿಸಿದ ಗುರಿ ಸಾಮಾನ್ಯವಾಗಿ ಹೆಚ್ಚು ಸರಿಯುವುದಿಲ್ಲ, ಆದರೆ ಹಿಡಿಯ ಉದ್ದ ಮತ್ತು ಸ್ಕೋಪಿಗೂ ಕಣ್ಣಿಗೂ ಇರುವ ಅಂತರ ಬೇರೆಯಾಗಿರುತ್ತದೆ. ಕುತ್ತಿಗೆ ಮುಂದೆ ಚಾಚಿ ಹಾರಿಸಿದವರ ಹುಬ್ಬು ಸ್ಕೋಪಿನ ಅಂಚು ಬಡಿದು ಹರಿಯುವುದು ಇಂಥ ಎರವಲಿನಲ್ಲೇ. ಮೂರು ಗುಂಡು ಅದಕ್ಕೇ: ಕಾಗದದ ತೂತಿಗಿಂತ ಕೆನ್ನೆ ಎಲ್ಲಿ ಕೂರುತ್ತದೆ ಎಂದು ಕಂಡುಕೊಳ್ಳಲು.

ರೈಫಲ್ ಕೈಬದಲಾದಾಗ ಚೀಲವೂ ಕೈಬದಲಾಯಿತು. ತೋಟಾ, ಊರುಗೋಲು, ಚಾಕು ಎಲ್ಲ ಹಿರಿಯರ ಚೀಲದಲ್ಲಿ ಜೋಡಿಸಿಟ್ಟಿದ್ದರಿಂದ ಅದನ್ನೇ ಬೆನ್ನಿಗೆ ಹಾಕಿಕೊಂಡು ಹೋಗುವುದು ಸುಲಭವೆನಿಸಿತು. ಭಾನುವಾರ ನಸುಕಿನ ನಾಲ್ಕೂವರೆಗೆ ಎಂಜಿನಿಯರ್ ಹಾಗೆಯೇ ಹೊರಟು ನಿಂತರು. ಅವರ ಎಲ್ಕ್ ಲೈಸೆನ್ಸ್ ಮಾತ್ರ ಅವರದೇ ಚೀಲದ ಮೇಲಿನ ಜೇಬಿನಲ್ಲಿ, ಡೇರೆಯ ಮೂಲೆಯಲ್ಲಿ ಕೂತಿತ್ತು.

ಇದು ಬೋಲ್ಟಿಗಿಂತ ದೊಡ್ಡ ಮರೆವಾಗಬಹುದಿತ್ತು. ಕೊಲರಾಡೊದಲ್ಲಿ ದೊಡ್ಡ ಪ್ರಾಣಿಗಳ ಲೈಸೆನ್ಸ್ ಕಾಗದದ್ದೇ ಬೇಕು, ಫೋನಿನ ಚಿತ್ರ ನಡೆಯುವುದಿಲ್ಲ. ಪ್ರಾಣಿ ಬಿದ್ದ ಕೂಡಲೇ ಅದರ ಟ್ಯಾಗ್ ಭಾಗ ಹರಿದು, ಸಹಿ ಹಾಕಿ, ದಿನಾಂಕ ಬರೆಯಬೇಕು. ಇನ್ನೊಂದು ಸಂಗತಿ ವೀಸಾದ್ದು. ಎಂಜಿನಿಯರ್ ಎಚ್-1ಬಿ ಮೇಲಿದ್ದರು. ವಲಸೆಯೇತರ ವೀಸಾದಲ್ಲಿ ಇರುವವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದನ್ನು ಒಕ್ಕೂಟ ಕಾನೂನು ಸಾರಾಸಗಟಾಗಿ ನಿಷೇಧಿಸುತ್ತದೆ. ಅದಕ್ಕಿರುವ ವಿನಾಯಿತಿಗಳಲ್ಲಿ ಎಲ್ಲರೂ ಬಳಸುವುದು ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿ ಬೇಟೆ ಲೈಸೆನ್ಸನ್ನು. ಗ್ರೀನ್ ಕಾರ್ಡ್ ಇರುವವರಿಗೆ ಈ ಬಾಧೆ ಇಲ್ಲ. ಎಚ್-1ಬಿಯವರಿಗೆ ಆ ಕಾಗದ ಬರೀ ಬೇಟೆಯ ಅನುಮತಿಯಲ್ಲ, ಕೋವಿ ಮುಟ್ಟುವ ಹಕ್ಕೇ ಅದರ ಮೇಲೆ ನಿಂತಿದೆ. ಟೆಕ್ಸಸಿನಲ್ಲಿ ನೆಲೆಸಿದ ನಮ್ಮವರು ಇದನ್ನು ಗಮನಿಸಬೇಕು: ಅಲ್ಲಿಯ ಲೈಸೆನ್ಸ್ ವರ್ಷ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಬೇರೆ ಯಾವ ಲೈಸೆನ್ಸೂ ಇಲ್ಲದೆ ಸೆಪ್ಟೆಂಬರಿನಲ್ಲಿ ನವೀಕರಿಸಲು ಮರೆತರೆ, ಕಾಡಿಗೆ ಕಾಲಿಡದಿದ್ದರೂ ಮನೆಯ ಸೇಫಿನಲ್ಲಿರುವ ರೈಫಲ್ಲೇ ತೊಂದರೆಗೆ ದಾರಿ.

ಉಳಿಸಿದ್ದು ಹಿಂದಿನ ರಾತ್ರಿ ಮಾಡಿಕೊಂಡ ಒಂದು ಸಣ್ಣ ಕಟ್ಟಳೆ. ಡೇರೆಯ ಬಾಗಿಲು ದಾಟುವ ಮುಂಚೆ ಒಬ್ಬರು ಕೇಳಬೇಕು, ಇನ್ನೊಬ್ಬರು ಬಾಯಲ್ಲಿ ಹೇಳದೆ ಕೈಯಲ್ಲಿ ಮುಟ್ಟಿ ತೋರಿಸಬೇಕು. “ಲೈಸೆನ್ಸ್?” ಎಂದಾಗ ಎಂಜಿನಿಯರರ ಕೈ ಬೇರೆಯವರ ಚೀಲದ ಜೇಬಿಗೆ ಹೋಗಿ ಖಾಲಿ ಬಂತು. ‘ಇದೆ’ ಎಂದು ಹೇಳುವ ನಿಯಮವಾಗಿದ್ದರೆ ಅವರು ‘ಇದೆ’ ಎಂದೇ ಹೇಳಿ ಹೊರಟಿರುತ್ತಿದ್ದರು. ಸುಳ್ಳಲ್ಲ, ಶುಕ್ರವಾರ ಇಟ್ಟದ್ದು ನೆನಪಿತ್ತು.

ಅಂದಿನಿಂದ ಲೈಸೆನ್ಸ್, ಗುರುತಿನ ಚೀಟಿ, ಬೇಟೆ ತರಬೇತಿಯ ಕಾರ್ಡ್ ಮೂರೂ ಕತ್ತಿನ ಚೀಲಕ್ಕೆ ಹೋದವು. ತರಬೇತಿಯ ಕಾರ್ಡ್ 1949ರ ಜನವರಿ 1 ಅಥವಾ ಆನಂತರ ಹುಟ್ಟಿದ ಎಲ್ಲರಿಗೂ ಬೇಕು. ಚೀಲ, ಕೋಟು, ಕಿತ್ತಳೆ ಅಂಗಿ ಎಲ್ಲವೂ ಕೈಬದಲಾಗುತ್ತವೆ. ಕತ್ತಿಗೆ ಹಾಕಿಕೊಂಡದ್ದು ಬದಲಾಗುವುದಿಲ್ಲ. ಕಾಗದ ನಿಜವಾಗಿಯೇ ಕಳೆದರೆ ಕೊಲರಾಡೊದ ವನ್ಯಜೀವಿ ಇಲಾಖೆಯ ಕಚೇರಿಯಿಂದ ನಕಲು ಪ್ರತಿ ಪಡೆಯಬೇಕು. ಮೀಕರಿನಲ್ಲಿ ಕಚೇರಿ ಇದೆ, ವಾರಾಂತ್ಯವನ್ನು ನಂಬಿಕೊಳ್ಳಬಾರದು.

ಬೋಲ್ಟ್ ಬಂದದ್ದು

ಶನಿವಾರ ಬೆಳಗ್ಗೆ ಸಿಗ್ನಲ್ ಸಿಗುವಲ್ಲಿಗೆ ಹೋಗಿ ಮನೆಯಲ್ಲಿದ್ದವರಿಗೆ ವೀಡಿಯೊ ಕರೆ ಮಾಡಿ ಡಬ್ಬಿ ತೆಗೆಸಿ, ಇದೇ ಬೋಲ್ಟ್ ಎಂದು ಕಣ್ಣಾರೆ ನೋಡಿಕೊಂಡರು. ಮನೆಯಲ್ಲಿ ಎರಡು ರೈಫಲ್ ಇರುವವರಿಗೆ ತಪ್ಪು ಬೋಲ್ಟ್ ಬರುವ ಅಪಾಯ ಇದ್ದೇ ಇದೆ. ಬಟ್ಟೆಯಲ್ಲಿ ಸುತ್ತಿ, ಗುಳ್ಳೆ ಹಾಳೆ ಸುತ್ತಿ, ಅಲುಗಾಡದ ಸಣ್ಣ ರಟ್ಟಿನ ಡಬ್ಬಿಗೆ ಹಾಕಿಸಿದರು. ವಿಳಾಸ ಶಿಬಿರದ್ದಲ್ಲ, ಕೌಂಟರಿನಲ್ಲಿ ಬಂದು ಒಯ್ಯುವಂತೆ ಕೊರಿಯರಿನವರ ಕೇಂದ್ರದ್ದು. ಕಾಡಿನ ರಸ್ತೆಗೆ ಪಾರ್ಸಲ್ ಬರುವುದಿಲ್ಲ, ಫೋನಿನ ಸಿಗ್ನಲ್ಲೂ ಇರುವುದಿಲ್ಲ. ಕೈಗೆ ಸಿಕ್ಕದ್ದು ಮಂಗಳವಾರ ಮಧ್ಯಾಹ್ನ.

ಬಂದ ಬೋಲ್ಟನ್ನು ನೇರ ತೂರಿಸಲಿಲ್ಲ. ಟೆಕ್ಸಸಿನ ಸೆಕೆಯಲ್ಲಿ ಧಾರಾಳ ಹಚ್ಚಿದ ಗ್ರೀಸ್, 9,000 ಅಡಿಯ ಅಕ್ಟೋಬರ್ ರಾತ್ರಿಯಲ್ಲಿ ಗಟ್ಟಿಯಾಗುತ್ತದೆ. ಬೋಲ್ಟಿನ ಒಳಗೆ ಸೂಜಿಯ ಸುತ್ತ ಹೋಗಿದ್ದರೆ ಸೂಜಿ ನಿಧಾನವಾಗಿ ಪ್ರೈಮರಿನ ಮೇಲೆ ಬರೀ ಚುಕ್ಕೆ ಮೂಡಿಸುತ್ತದೆ, ತೋಟಾ ಹಾರುವುದಿಲ್ಲ. ಪೂರ್ತಿ ಒರೆಸಿ, ಲಗ್ಗಿನ ಹಿಂಭಾಗಕ್ಕೆ ಮಾತ್ರ ತೆಳುವಾಗಿ ಹಚ್ಚಿ, ನಳಿಗೆ ಖಾಲಿ ಇದೆ ಎಂದು ನೋಡಿ, ಬೋಲ್ಟ್ ಕೂರಿಸಿ, ಮೂರು ಗುಂಡಿನಲ್ಲಿ ಗುರಿ ಪರೀಕ್ಷಿಸಿದರು. ಬುಧವಾರದಿಂದ ಇಬ್ಬರಿಗೂ ಪೂರ್ಣ ದಿನಗಳು ಸಿಕ್ಕವು. ಒಟ್ಟು ನಷ್ಟ: ಇಬ್ಬರಿಗೆ ನಾಲ್ಕು ನಾಲ್ಕು ಅರ್ಧ ದಿನ. ಅದರಲ್ಲಿ ಮೊದಲ ಎರಡು ದಿನಗಳಿದ್ದದ್ದು ನೋವು. ಜನರ ಓಡಾಟಕ್ಕೆ ಹೆದರಿ ಎಲ್ಕ್ ಹಿಂಡು ದಟ್ಟ ಮರಗಳಿಗೆ ಸರಿಯುವ ಮುಂಚಿನ ಹೊತ್ತು ಅದು.

ಏನು ಬದಲಿಸಬೇಕು

ಬೋಲ್ಟ್ ಬೇರೆ ಇಡುವ ಅಭ್ಯಾಸ ಬಿಡಿ ಎಂದು ಹೇಳುವವರಿದ್ದಾರೆ. ಮಗು ಇರುವ ಮನೆಗೆ ಅದು ಒಳ್ಳೆಯ ಸಲಹೆಯಲ್ಲ. ಬದಲಿಗೆ, ಪಯಣದ ಪೆಟ್ಟಿಗೆಯ ಎರಡು ಬೀಗಗಳನ್ನೂ ಬೋಲ್ಟಿನ ಡಬ್ಬಿಯೊಳಗೆ ಇಡಬೇಕು. ಬೀಗ ಇಲ್ಲದೆ ಪೆಟ್ಟಿಗೆ ಹೊರಡುವುದಿಲ್ಲ, ಬೀಗ ತೆಗೆಯಲು ಹೋದವರ ಕೈಗೆ ಬೋಲ್ಟ್ ತಾಗದೆ ಇರುವುದಿಲ್ಲ. ನೆನಪಿನ ಮೇಲೆ ಭಾರ ಹಾಕದ ಏರ್ಪಾಡು ಇದು. ಬೂಟಿಗೂ ಇದೇ ಲೆಕ್ಕ: ಹೊರಡುವ ಹಿಂದಿನ ರಾತ್ರಿ ಕಾರಿನ ಕೀಲಿ ಎಡಗಾಲಿನ ಬೂಟಿನೊಳಗೆ.

ಪಟ್ಟಿ ಬರೆಯುವುದಾದರೆ ವಸ್ತುವಿನ ಹೆಸರಲ್ಲ, ಅದು ಎಷ್ಟು ಜಾಗದಲ್ಲಿ ಬಿಡಿಬಿಡಿಯಾಗಿ ಇದೆಯೋ ಅಷ್ಟು ಸಾಲು. ರೈಫಲ್, ಬೋಲ್ಟ್, ಮ್ಯಾಗಜೀನ್, ತೋಟಾ ಎಂದು ನಾಲ್ಕು. ಕಳಚುವ ಮ್ಯಾಗಜೀನ್ ಬಿಟ್ಟುಹೋದರೆ ಒಂದೊಂದೇ ತೋಟಾ ಕೈಯಲ್ಲಿ ತೂರಿಸಬೇಕಾಗುತ್ತದೆ, ಬೇಟೆ ನಿಲ್ಲುವುದಿಲ್ಲ. ತೋಟಾದ ಡಬ್ಬಿಯ ಮೇಲಿನ ಹೆಸರನ್ನು ನಳಿಗೆಯ ಮೇಲೆ ಕೆತ್ತಿದ ಹೆಸರಿನ ಪಕ್ಕ ಹಿಡಿದು ಓದಬೇಕು, .308 ಮತ್ತು .300 ಕಣ್ಣಿಗೆ ಮೋಸ ಮಾಡುತ್ತವೆ. ಕನಿಷ್ಠ 40 ತೋಟಾ ಇರಲಿ. 20ರ ಒಂದೇ ಡಬ್ಬಿ ತಂದವರು ಸ್ಕೋಪಿಗೆ ಒಮ್ಮೆ ಪೆಟ್ಟು ಬಿದ್ದರೆ ಗುರಿ ಸರಿಮಾಡುವುದರಲ್ಲೇ ಅರ್ಧ ಮುಗಿಸುತ್ತಾರೆ.

ಉಳಿದ ಸಾಮಾನಿಗೆಲ್ಲ ಒಂದೇ ಪ್ರಶ್ನೆ ಸಾಕು: ಹತ್ತಿರದ ಪೇಟೆಯಲ್ಲಿ ಇದು ಸಿಗುತ್ತದೆಯೆ? ಮೀಕರಿನಿಂದ ಸುಮಾರು 65 ಕಿಲೋಮೀಟರ್ ದಕ್ಷಿಣಕ್ಕಿರುವ ಪೇಟೆಯಲ್ಲಿ ದೊಡ್ಡ ಅಂಗಡಿಗಳಿವೆ (ಊರಿನ ಹೆಸರೂ ರೈಫಲ್ ಎಂದೇ, ನಗಬೇಡಿ). ಹಣೆದೀಪ, ಮಾಂಸದ ಚೀಲ, ಚಾಕು, ಹಗ್ಗ, ಕಿತ್ತಳೆ ಅಂಗಿ ಎಲ್ಲ ಸಿಗುತ್ತವೆ. ಕಿತ್ತಳೆ ಮಾತ್ರ ಅಳತೆ ನೋಡಿ ಕೊಳ್ಳಬೇಕು: ಸೊಂಟದ ಮೇಲೆ ಕನಿಷ್ಠ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ, ಜೊತೆಗೆ ಎಲ್ಲ ದಿಕ್ಕಿಗೂ ಕಾಣುವ ಅದೇ ಬಣ್ಣದ ಟೋಪಿ. ಎಲೆಚಿತ್ತಾರದ ಕಿತ್ತಳೆ ಲೆಕ್ಕಕ್ಕಿಲ್ಲ. ಬೂಟೂ ಸಿಗುತ್ತದೆ, ಆದರೆ ಹೊಸ ಬೂಟಿನಲ್ಲಿ ಮೊದಲ ದಿನವೇ ಹಿಮ್ಮಡಿ ಬೊಬ್ಬೆ ಏಳುತ್ತದೆ. ಅದನ್ನು ಸಿಗದ ವಸ್ತುಗಳ ಸಾಲಿಗೇ ಸೇರಿಸಬೇಕು. ಕನ್ನಡಕ, ದಿನದ ಮಾತ್ರೆ, ಬೋಲ್ಟ್, ಲೈಸೆನ್ಸ್ ಇವೂ ಅಲ್ಲಿಗೇ. ಮುಟ್ಟಿ ನೋಡಬೇಕಾದದ್ದು ಈ ಸಾಲು ಮಾತ್ರ. ಅರವತ್ತು ವಸ್ತುಗಳ ಪಟ್ಟಿಯನ್ನು ಕತ್ತಲಲ್ಲಿ ಯಾರೂ ಪ್ರಾಮಾಣಿಕವಾಗಿ ಓದುವುದಿಲ್ಲ.

ಕಾಡಿನೊಳಗೆ ಕಳೆಯುವುದು ಬೇರೆ ಬಗೆ. ದೂರ ನೋಡಲು ಕೂತು ಎದ್ದ ಜಾಗದಲ್ಲಿ ದೂರ ಅಳೆಯುವ ರೇಂಜ್‌ಫೈಂಡರ್ ಉಳಿಯುತ್ತದೆ. ಎದ್ದು ನಾಲ್ಕು ಹೆಜ್ಜೆ ಇಟ್ಟು ತಿರುಗಿ ನೋಡುವುದು, ಸಾಮಾನಿಗೆ ಗಾಢ ಬಣ್ಣದ ಟೇಪ್ ಸುತ್ತುವುದು, ಇಷ್ಟೇ ಮದ್ದು. ಪ್ರಾಣಿ ಬಿದ್ದ ಮೇಲೆ ಕತ್ತಲಾಗುವ ಮುನ್ನ ಮಾಂಸ ಬಿಡಿಸುವ ಅವಸರದಲ್ಲಿ ಚಾಕು ಹಿಮಕ್ಕೆ ಬೀಳುತ್ತದೆ, ಹುಡುಕುವ ಕಾಲಿಗೆ ಸಿಕ್ಕಿ ಇನ್ನೂ ಕೆಳಗೆ ಹೋಗುತ್ತದೆ. ಕಿತ್ತಳೆ ಬಟ್ಟೆ ಒಂದನ್ನು ಹಾಸಿ, ಕೈ ಬಿಟ್ಟ ಚಾಕು ಅದರ ಮೇಲಲ್ಲದೆ ಬೇರೆಲ್ಲೂ ಇಡದಿದ್ದರೆ ಆಯಿತು. ಅಲಗು ಬದಲಿಸುವ ಚಾಕು ಬಳಸುವವರು ಅಲಗುಗಳನ್ನು ಎಣಿಸಿಯೇ ಶುರುಮಾಡಬೇಕು, ಮುರಿದ ತುಂಡನ್ನೂ ಸೇರಿಸಿ ಬಳಸಿದ್ದೆಲ್ಲವನ್ನೂ ಗಟ್ಟಿ ಮುಚ್ಚಳದ ಸಣ್ಣ ಬಾಟಲಿಗೆ ಹಾಕಬೇಕು. ಎಣಿಕೆ ಒಂದು ಕಡಿಮೆ ಬಂದರೆ ಅದು ಮಾಂಸದ ಚೀಲದಲ್ಲಿದೆ ಎಂದೇ ತಿಳಿದು, ಹೊತ್ತು ಹೊರಡುವ ಮುಂಚೆ ಅಲ್ಲೇ ಬಿಚ್ಚಿ ಹುಡುಕಬೇಕು.